ಕಿವಿಯಣ್ಣ ಮತ್ತು ತುಕ್ಕು ಹಿಡಿಯದ ಸೈಕಲ್

ಹೊಲಿಗೆಯ ಅಕ್ಕ ಮೊದಲ ಸಲ ಆ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದಾಗ ಅಂಗಡಿಯವನು ಅವಳ ಮುಖವನ್ನೇ ನೋಡಲಿಲ್ಲ. ಅವಳ ತೋಳಿನಲ್ಲಿದ್ದ ಬೆಡ್‌ಶೀಟಿನ ಗಂಟನ್ನು ನೋಡಿದ, ಬೆಂಚಿನ ಮೇಲಿನ ಎಣ್ಣೆಡಬ್ಬಿಗಳನ್ನು ಸರಿಸಿದ, ಮಗುವನ್ನು ಇಳಿಸಿಕೊಳ್ಳುವವನಂತೆ ಎರಡೂ ಕೈ ಚಾಚಿದ. ಗಂಟು ಬಿಚ್ಚಿದಾಗ ಹೊರಬಂದದ್ದು ಬಣ್ಣ ಬಳಿಯದ, ಮೋಡದಂಥ ಬೂದು ಮೈಯ, ಗುಡ್ಡ ಹತ್ತುವ ಒಂದು ಮೌಂಟನ್ ಸೈಕಲ್ಲಿನ ಚೌಕಟ್ಟು. ಅದರ ನೆತ್ತಿಯಲ್ಲಿ ಹರಿದ ಸೀಟು. ಅವನು ಮೇಲಿನ ಕೊಳವೆಗೆ ಉಗುರಿನಿಂದ ಒಮ್ಮೆ ತಟ್ಟಿ, ಎಡಗಿವಿಯನ್ನು ಲೋಹಕ್ಕೆ ಒತ್ತಿ ಕಣ್ಣು ಮುಚ್ಚಿದ. ಆ ಸಣ್ಣ ನಾದ ನಿಂತ ಮೇಲೂ ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ ಕೇಳಿದ:

“ಇದನ್ನ ಓಡಿಸೋರು ಎಡಮಂಡಿ ಒಳಗೆ ವಾಲಿಸಿ ತುಳೀತಾರೆ, ಅಲ್ವಾ?”

ಅಕ್ಕನಿಗೆ ಕೊರಳಲ್ಲಿದ್ದ ಅಳತೆಯ ಟೇಪು ತಣ್ಣಗಾದಂತಾಯಿತು. ಸೈಕಲ್ ಅವಳ ತಮ್ಮನದು; ಅವನ ಪ್ಯಾಂಟುಗಳನ್ನೆಲ್ಲ ಹೊಲಿದವಳು ಅವಳೇ. ಎಡಮಂಡಿಯ ಒಳಬದಿ ಯಾವಾಗಲೂ ಮೊದಲು ಸವೆಯುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಂಗಡಿಯವನು ಬೆರಳಿಟ್ಟು ತೋರಿಸಿದ: ಕೊಳವೆಯ ಎಡಬದಿಯಲ್ಲಿ ಅಂಗೈಯಗಲದ ಜಾಗ ಮಂಡಿ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ತೋರಿಸಿದ್ದು ಈಗ, ಕಣ್ಣು ತೆರೆದು. ಅವನು ಅದನ್ನು ಹೇಳಿದ್ದು ಕಣ್ಣು ಮುಚ್ಚಿಕೊಂಡು.

ತಮ್ಮ ಒಂದು ಬೆಳಿಗ್ಗೆ ಈ ಸೈಕಲ್ ಹತ್ತಿ ಕಾಡಿನ ಏರುದಾರಿಗೆ ಹೋದವನು ವಾಪಸಾಗಿರಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಸೌದೆ ಆಯುವವರಿಗೆ ಸೈಕಲ್ ಸಿಕ್ಕಿತು, ಬಿದ್ದ ಹಾಗಲ್ಲ, ಒಂದು ಮರಕ್ಕೆ ಆನಿಸಿಟ್ಟ ಹಾಗೆ ನೆಟ್ಟಗೆ. ಚೈನು, ಬೋಲ್ಟು, ಬ್ರೇಕು ಎಲ್ಲ ತುಕ್ಕು ತಿಂದು ಉದುರುತ್ತಿದ್ದವು. ಕೆಸರು ತೊಳೆದರೆ ಚೌಕಟ್ಟು ಮಾತ್ರ ನಿನ್ನೆ ಕೊಂಡಂತಿತ್ತು. ಜಾರಿಬಿದ್ದಿರಬೇಕು ಎಂದರು ಹುಡುಕಿದವರು. ಅಕ್ಕನಿಗೆ ಬೇಕಾದದ್ದು ಒಂದೇ: ಇದನ್ನು ಮತ್ತೆ ಕಟ್ಟಿಸಿ, ತಾನೇ ತುಳಿದುಕೊಂಡು, ಅವನು ತಲುಪಿದಂತೆಯೇ ಆ ಮರವನ್ನು ತಲುಪಬೇಕು.

ಬೀದಿ ಅಂಗಡಿಯವನನ್ನು ಕಿವಿಯಣ್ಣ ಎನ್ನುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹೆಜ್ಜೆ ಇಡುತ್ತಿದ್ದ ತೆಳ್ಳನೆಯ ಆಳು. ಬೇಸಿಗೆಯಲ್ಲೂ ಬಿಡದ ಕಂದು ಕೋಟು, ಅದರ ಜೇಬಿನಲ್ಲಿ ಒಂದಕ್ಕೊಂದು ತಾಗಿ ಸದ್ದಾಗದಂತೆ ಬಟ್ಟೆ ಸುತ್ತಿದ ಸ್ಪ್ಯಾನರುಗಳು. ಕಟ್ಟಿದ ಸೈಕಲ್ಲನ್ನು ತಾನು ಎಂದೂ ಹತ್ತುತ್ತಿರಲಿಲ್ಲ. ಮಾತಿನ ನಡುವೆ “ಹೂಂ, ಹೇಳಿ” ಎನ್ನುತ್ತಿದ್ದ. ಗಿರಾಕಿಗೆ ಹೇಳಿದ್ದೋ ಸೈಕಲ್ಲಿಗೋ ತಿಳಿಯುತ್ತಿರಲಿಲ್ಲ.

ತೊಡಕಾದದ್ದು ಸೀಟಿನ ಕಂಬ. ತಮ್ಮ ಅವಳಿಗಿಂತ ಗೇಣುದ್ದ ಎತ್ತರ, ಕಂಬ ಅವನ ಎತ್ತರದಲ್ಲೇ ಕಚ್ಚಿಕೊಂಡಿತ್ತು.

“ಅಲ್ಯೂಮಿನಿಯಂ ಕಂಬಾನ ಹಾಗೇ ಒಣದಾಗಿ ಇಳಿಸಿದ್ದಾರೆ. ಈ ಚೌಕಟ್ಟು ತುಕ್ಕು ಹಿಡಿಯದ ಟೈಟೇನಿಯಂ, ಇದರೊಳಗೆ ಜಿಡ್ಡಿನ ಪೇಸ್ಟ್ ಸವರದೆ ಏನೂ ಇಳಿಸಬಾರದು. ಒಂದ್ಸಲ ಅಪ್ಪಿಕೊಂಡ್ರೆ ಬಿಡಲ್ಲ,” ಎಂದ ಕಿವಿಯಣ್ಣ.

“ಅವನಿಗೆ ಎಲ್ಲದಕ್ಕೂ ಅವಸರ. ಕೊಯ್ದು ತೆಗೆದ್ಬಿಡಿ.”

“ಕೊಯ್ದ್ರೆ ಅವರು ಎಷ್ಟು ಎತ್ತರಕ್ಕೆ ಕೂತ್ಕೋತಾರೆ ಅನ್ನೋದೇ ಹೋಗ್ಬಿಡುತ್ತೆ.”

“ಹೋಗ್ಲಿ! ನಾನು ಕೂತ್ಕೋಬೇಕಲ್ಲ?” ಅಕ್ಕನ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. ಮನೆಯಲ್ಲಿ ಅಮ್ಮ ಹೇಳಿದ್ದು ನೆನಪಾಯಿತು: “ಸೀಟು ತಗ್ಗಿಸಬೇಡ ಕಣೇ. ಬಂದವನು ನೋಡಿದ್ರೆ, ನನ್ನ ಜಾಗ ಬೇರೆಯವರಿಗೆ ಕೊಟ್ಬಿಟ್ರಾ ಅಂತಾನೆ.”

ಕಿವಿಯಣ್ಣ ಕೊಯ್ಯಲಿಲ್ಲ. ಚೌಕಟ್ಟನ್ನು ತಲೆಕೆಳಗೆ ನೇತುಹಾಕಿ ಒಳಗೆ ಕಚ್ಚು ಸಡಿಲಿಸುವ ಅಮೋನಿಯಾ ಸುರಿದು ದಿನಗಟ್ಟಲೆ ಕಾದ, ಹಿಡಿದು ತಿರುಚಿದ, ಮತ್ತೆ ಸುರಿದ. ಕಂಬ ಅಲುಗಲಿಲ್ಲ. ಈ ನಡುವೆ ಮುಂದಿನ ಫೋರ್ಕು, ಚಕ್ರ, ಬ್ರೇಕು, ಚೈನು ಒಂದೊಂದೇ ಸೇರಿ ಸೈಕಲ್ ಮೈತುಂಬಿಕೊಂಡಿತು. ಬ್ರೇಕಿನ ಹಿಡಿಗಳನ್ನು ಅವನು ಕೂಡಿಸಿದ ಓರೆಯನ್ನು ಕಂಡು ಅಕ್ಕ ಬೆಚ್ಚಿದಳು. ತಮ್ಮನ ಸೈಕಲ್ಲಿನಲ್ಲಿ ಅವು ಇದ್ದದ್ದು ಹಾಗೆಯೇ. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಬೀಗ ರಿಪೇರಿಯವನು ಚಹಾ ಹಿಡಿದುಕೊಂಡು ಇಣುಕಿದ. “ಏನಮ್ಮಾ, ಕಬ್ಬಿಣದ ಜೊತೆ ಇವನ ಮಾತುಕತೆ ಇನ್ನೂ ಮುಗಿದಿಲ್ವಾ?”

“ಕಬ್ಬಿಣ ಅಲ್ಲ ಕಣೋ. ಚಹಾ ಕೊಟ್ಟು ಹೋಗು,” ಎಂದ ಕಿವಿಯಣ್ಣ.

ಬೀಗದವನು ನಗುತ್ತಾ ಹೋದ. ಬಿಸಿಲು ಅಂಗಡಿಯ ನಡುವಿನವರೆಗೂ ಬಿದ್ದಿತ್ತು. ಸೈಕಲ್ ತನ್ನ ಸ್ಟ್ಯಾಂಡಿನಲ್ಲಿ, ಸೀಟಿನ ಕಂಬವನ್ನು ಬಿಗಿಯುವ ಪಟ್ಟಿ ಸಡಿಲಾಗಿ, ಯಾರೂ ಮುಟ್ಟದೆ ನಿಂತಿತ್ತು. ಗಂಟಲು ಸರಿಪಡಿಸಿಕೊಂಡಂಥ ಒಂದು ಸದ್ದು. ಇಬ್ಬರೂ ತಿರುಗಿದರು. ಸೀಟು ಇಳಿಯುತ್ತಿತ್ತು, ದಪ್ಪೆಂದು ಬೀಳದೆ, ದಣಿದವರೊಬ್ಬರು ಮೆಲ್ಲಗೆ ಕೂತಾಗ ಇಳಿಯುವಂತೆ. ಇಳಿದು, ಒಂದು ಕಡೆ ನಿಂತಿತು.

“ಮುಟ್ಟಬೇಡಿ,” ಎಂದ ಕಿವಿಯಣ್ಣ, ಪಿಸುಮಾತಿನಲ್ಲಿ. ಲೋಟವನ್ನು ಬೆಂಚಿನ ಮೇಲಿಟ್ಟು ಹತ್ತಿರ ಹೋದ.

ನಿಂತ ಜಾಗಕ್ಕೆ ಗುರುತು ಅಂಟಿಸಿ ಕಂಬವನ್ನು ಹೊರಗೆಳೆದ. ಹಳೆಯ ಎತ್ತರದಲ್ಲಿ ಬಿಳಿಯ ಉಪ್ಪಿನಂಥ ಬಳೆಯೊಂದು ಕಟ್ಟಿತ್ತು. ಮಿಕ್ಕದ್ದನ್ನೆಲ್ಲ ಉಜ್ಜಿ ಆ ಬಳೆಯನ್ನು ಮಾತ್ರ ಬಿಟ್ಟ, ಪೇಸ್ಟ್ ಸವರಿ ಹೊಸ ಗುರುತಿಗೆ ಇಳಿಸಿ ಬಿಗಿದ. ಅಕ್ಕ ಹತ್ತಿ ಕುಳಿತು ಹಿಮ್ಮಡಿಯನ್ನು ಪೆಡಲಿಗೆ ಇಟ್ಟಳು. ಕಾಲು ನೇರ ನಿಂತಿತು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ಅಳತೆಯನ್ನು ಅವನು ಎಂದೂ ತೆಗೆದುಕೊಂಡಿರಲಿಲ್ಲ.

“ಅಮ್ಮನಿಗೆ ಹೇಳಿ, ನಿಮ್ಮ ತಮ್ಮನ ಗುರುತು ಅಳಿಸಿಲ್ಲ, ಒಳಗಿದೆ ಅಂತ,” ಎಂದನಷ್ಟೆ. ಅಮ್ಮನ ಮಾತನ್ನು ಅಕ್ಕ ಅವನಿಗೆ ಹೇಳಿರಲೇ ಇಲ್ಲ.

ಅಕ್ಕ ಆ ಮರದವರೆಗೂ ತುಳಿದಳು. ಅಲ್ಲಿ ಏನೂ ಇರಲಿಲ್ಲ, ತೊಗಟೆಯಲ್ಲಿ ಒಂದು ಸಣ್ಣ ಗುಳಿಯ ಹೊರತು. ಸೈಕಲ್ಲನ್ನು ಆನಿಸಿದಾಗ ಹ್ಯಾಂಡಲ್ಲಿನ ತುದಿ ಆ ಗುಳಿಯಲ್ಲಿ ಹೋಗಿ ಕೂತಿತು. ಸ್ವಲ್ಪ ಹೊತ್ತು ಅವನ ಹೆಸರು ಹಿಡಿದು ಕರೆದಳು. ಆಮೇಲೆ, ತಮ್ಮನಿಗೆ ಆಗದೇ ಹೋದ ಕೆಲಸವನ್ನು ಮಾಡಿದಳು: ಸೈಕಲ್ ಹತ್ತಿ ಮನೆಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೀಟನ್ನು ನೋಡಿದರು, ಮಗಳನ್ನು ನೋಡಿದರು, ಒಳಗೆ ಬಾ ಎಂದರು.

ಬಿಗಿಯುವವರು ಲೋಕದಲ್ಲಿ ಬಹಳ ಮಂದಿ. ಮುಂದೊಂದು ದಿನ ಇದನ್ನು ಬಿಚ್ಚಬೇಕಾಗುತ್ತದೆಂದು ನೆನೆದು ಬಿಗಿಯುವವರು ಅಪರೂಪ. ಅಂಥವರ ಕೈಯಲ್ಲಿ ಹೋದವರ ಜಾಗವೂ ಉಳಿಯುತ್ತದೆ, ಇರುವವರಿಗೂ ಜಾಗವಾಗುತ್ತದೆ. ಅವರಿಗೆ ಏನು ಕೇಳಿಸುತ್ತದೆ ಎಂದು ನಾವು ಕೇಳದಿರುವುದೇ ಒಳ್ಳೆಯದೇನೋ.

ಕಿವಿಯಣ್ಣ ಈಗಲೂ ಅದೇ ಅಂಗಡಿಯಲ್ಲಿ, ಅದೇ ಕೋಟಿನಲ್ಲಿ ಸೈಕಲ್ ಕಟ್ಟುತ್ತಾನೆ. ತಿಂಗಳಿಗೊಮ್ಮೆ ಅಕ್ಕ ಬಂದಾಗ, ಕಂಬ ಮತ್ತೆ ಕಚ್ಚಿಕೊಳ್ಳದಂತೆ ಅದನ್ನು ಹೊರಗೆಳೆದು, ಬಿಳಿಯ ಬಳೆಯನ್ನು ಬಿಟ್ಟು ಸುತ್ತ ಒರೆಸಿ, ಪೇಸ್ಟ್ ಸವರಿ, ಮತ್ತೆ ಅವಳ ಎತ್ತರಕ್ಕೆ ಇಳಿಸಿಕೊಡುತ್ತಾನೆ.