ಊಟದ ಮನೆಯ ನಡುಗೋಡೆ

ಸಂಗಣ್ಣ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಎಪ್ಪತ್ತನಾಲ್ಕರ ಏಪ್ರಿಲ್ ಬಿಸಿಲು ಒಂದು ಕಡೆ, ಎದೆಯೊಳಗಿನ ಅಳುಕು ಇನ್ನೊಂದು ಕಡೆ. ಇಂಡಿ ಊರಿನ ಹೊಸ ಕಾಲೇಜಿಗೆ ಹಾಸ್ಟೆಲ್ ಕಟ್ಟಿಸುವ ಕಮಿಟಿ ಸಭೆ ಸೇರಿತ್ತು. ನಕ್ಷೆ ಬರೆದ ಎಂಜಿನಿಯರು ಇವನೇ. ಸ್ವಂತವಾಗಿ ಬರೆದ ಮೊದಲ ಕಟ್ಟಡ.

ಕೋಣೆಗಳ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ದಪ್ಪ ಗೋಡೆ, ಗಾಳಿ ಹಾಯಲು ಎದುರುಬದುರು ಕಿಟಕಿ, ಬೇಸಿಗೆಯಲ್ಲಿ ಹುಡುಗರು ಮಾಳಿಗೆ ಮೇಲೆ ಮಲಗಲು ಅಗಲವಾದ ಮೆಟ್ಟಿಲು. ಎಲ್ಲರೂ ತಲೆದೂಗಿದರು. ಅಡ್ಡಿ ಬಂದದ್ದು ಊಟದ ಮನೆಗೆ. ಅಧ್ಯಕ್ಷ ಬಸಂತರಾಯರು ಅದರ ನಡುವೆ ಬೆರಳಿಟ್ಟು ಉದ್ದಕ್ಕೂ ಎಳೆದರು.

"ಇಲ್ಲೊಂದು ಗೋಡಿ ಬೇಕ್ರಿ ಸಾಹೇಬ್ರ. ಎಲ್ಲಾ ಜಾತಿ ಹುಡುಗ್ರು ಬರ್ತಾರ. ಒಂದ ಪಂಕ್ತಿ ಅಂದ್ರ ನಮ್ಮ ಮಂದಿ ಮಕ್ಕಳನ್ನ ಕಳಸೂದಿಲ್ಲ."

ಬೇಡ ಅನ್ನುವ ಮಾತು ಗಂಟಲ ತನಕ ಬಂತು. ಯಾಕೆ ಬೇಡ ಎಂದು ಹೇಳಹೊರಟರೆ ತನ್ನ ಕೇರಿಯೂ ಹೊರಬೀಳುತ್ತದೆ. ಸಂಗಣ್ಣ ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ ಊರ ಹೊರಗಿನ ಕೇರಿಯವನು. ಓದುವಾಗ ಹಾಸ್ಟೆಲಿನ ಹಿತ್ತಿಲಲ್ಲಿ ಕೂತು ಉಂಡವನು. ಇಲ್ಲಿ ಯಾರಾದರೂ ಕೇಳಿದರೆ ಬಾಗೇವಾಡಿ ಕಡೆಯವನು ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದ. ಈಗಲೂ ಗಾಳಿಯ ನೆವ ಹಿಡಿದ.

"ಗೋಡಿ ಕಟ್ಟಿದ್ರ ಗಾಳಿ ನಿಲ್ತೈತ್ರಿ. ಆಚೀ ಕಡೆ ಕುಂತವ್ರು ಬೆಂದು ಹೋಗ್ತಾರ."

ಬಸಂತರಾಯರು ಕಟುಕರಲ್ಲ, ಕೊರಳು ಕೊಯ್ಯುವುದಿದ್ದರೂ ನೆರಳು ನೋಡಿ ಕೂರಿಸುವ ಮನುಷ್ಯ. ತುಸು ಯೋಚಿಸಿ, "ಹಂಗಾರ ಗೋಡಿ ತುಂಬ ಸಣ್ಣ ತೂತು ಬಿಡ್ರಿ. ಗಾಳಿನೂ ಆಡ್ತೈತಿ, ಒಬ್ಬರ ಮಾರಿ ಒಬ್ಬರಿಗೆ ಕಾಣೂದೂ ಇಲ್ಲ" ಎಂದರು. ಸಭೆ ಭಲೇ ಅಂದಿತು.

ತಾನೇ ತೋಡಿದ ಗುಂಡಿಗೆ ಸಂಗಣ್ಣ ಬಿದ್ದಿದ್ದ. ಗಾಳಿಯ ಮಾತಿಗೆ ಗಾಳಿಯ ಉತ್ತರವೇ ಸಿಕ್ಕಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಪೆನ್ಸಿಲ್ ಹಿಡಿದು ಬಾಗಿಲ ತನಕ ಹೋಗಿ ತಿರುಗಿ ಬಂದ.

"ತಂಪು ಯಾವ ಕಡೆ ಇರ್ತೈತ್ರಿ?" ಬಸಂತರಾಯರು ಕೇಳಿದರು.

"ಉತ್ತರದ ಕಡೇರಿ."

"ಹಂಗಾರ ನಮ್ಮ ಹುಡುಗ್ರು ಆ ಕಡೆ, ಉಳದವ್ರು ಈ ಕಡೆ. ಗೆರಿ ಎಳದ ಬಿಡ್ರಿ."

ಸಂಗಣ್ಣ ಪೆನ್ಸಿಲಿನ ಮೊನೆಯನ್ನು ಉಳಿದವರ ಕಡೆಗೇ ಊರಿದ.

"ರಾಯರ, ನಾ ಕುಂದ್ರೂದು ಇಲ್ಲೇರಿ."

ಅರ್ಥವಾಗಲು ಎಲ್ಲರಿಗೂ ಒಂದು ಗಳಿಗೆ ಹಿಡಿಯಿತು. ಪಕ್ಕದ ಸದಸ್ಯ ಶ್ರೀಶೈಲಪ್ಪ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಇದನ್ನ ಮದಲ ಹೇಳಬೇಕಿತ್ತು," ಎಂದರು ಬಸಂತರಾಯರು. ಸಾಹೇಬ್ರ ಅನ್ನುವುದು ಬಿಟ್ಟುಹೋಗಿತ್ತು.

"ಹೇಳಿದ್ರ ನನ್ನ ಕೈಲೆ ನಕ್ಷೆ ಬರಸ್ತಿದ್ರೇನ್ರಿ?"

ಸಂಗಣ್ಣ ಪೆನ್ಸಿಲನ್ನು ನಕ್ಷೆಯ ಮೇಲಿಟ್ಟು ಬಸಂತರಾಯರ ಮುಂದಕ್ಕೆ ಸರಿಸಿದ.

"ಗೆರಿ ನೀವ ಎಳೀರಿ."

ಪೆನ್ಸಿಲು ಅಲ್ಲೇ ಬಿದ್ದಿತ್ತು. ನಾಚಿಕೆಯಿಂದಲೋ, ಮೈಲಿಗೆಯ ಹೆದರಿಕೆಯಿಂದಲೋ, ಅದನ್ನು ಯಾರೂ ಮುಟ್ಟಲಿಲ್ಲ.