ಬದುಕಿದವರು ಎಲ್ಲಿದ್ದಾರೆ?

ವಂಡ್ಸೆಯ ಶಾಲೆಯಲ್ಲಿ ನಡೆದ ಕ್ಯಾನ್ಸರ್ ತಪಾಸಣೆ ಶಿಬಿರದಲ್ಲಿ ಡಾಕ್ಟರಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗೋಡೆಯ ಮೇಲೆ ಏರುವ ಗೆರೆಯೊಂದನ್ನು ತೋರಿಸಿ, ಸ್ತನದ ಕ್ಯಾನ್ಸರ್ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ, ಆದರೆ ಬೇಗ ಬಂದವರಲ್ಲಿ ಹೆಚ್ಚಿನವರು ಬದುಕುತ್ತಾರೆ ಎಂದರು. ಮುಂದಿನ ಸಾಲಿನಲ್ಲಿದ್ದ ಸೌಮ್ಯಶ್ರೀ ಎದ್ದು ನಿಂತೇಬಿಟ್ಟಳು.

“ಬದ್ಕಿದವ್ರ್ ಎಲ್ಲಿದ್ರ್ ಡಾಕ್ಟ್ರೇ? ಗೆರೆ ಬ್ಯಾಡ, ಒಂದ್ ಹೆಂಗ್ಸನ್ನ್ ತೋರ್ಸಿ. ನಮ್ಮನಿ ವಿನಯಕ್ಕ, ನನ್ ಗಂಡನ್ ಅಕ್ಕ, ಇದೇ ರೋಗಕ್ಕೆ ಸತ್ತದ್ದ್ ನಾನೇ ಕಂಡಿದೆ. ಬದ್ಕಿದವ್ರನ್ನ್ ಒಬ್ರನ್ನೂ ಕಾಣ್ಲಿಲ್ಲೆ.”

ಹೆಂಗಸರೆಲ್ಲ ಹೌದೌದೆಂದು ತಲೆಯಾಡಿಸಿದರು. ಡಾಕ್ಟರಮ್ಮ ರೋಗಿಗಳ ಹೆಸರು ಹೇಳುವ ಹಾಗಿರಲಿಲ್ಲ. ಸೌಮ್ಯಶ್ರೀಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಪಕ್ಕದ ಮನೆಯ ಚಂದ್ರಮತಿ ಸೆರಗನ್ನು ಎದೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಅದೇ ರೋಗದಿಂದ ಅವಳು ಬದುಕುಳಿದು ಏಳು ವರ್ಷವಾಗಿತ್ತು.

ಎಡ ಮೊಲೆ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದವಳನ್ನು, ಮುಂಬೈಯಲ್ಲಿ ಅಣ್ಣನ ಹೋಟೆಲಿಗೆ ಜನ ಸಾಲದೆ ಹೋಗಿದ್ದಾಳೆ ಎಂದು ಗಂಡ ಯೋಗೀಶ ಊರಿಗೆ ನಂಬಿಸಿದ್ದ. ಔಷಧಿಗೆ ಕೂದಲುದುರಿ ಬೋಳುತಲೆಯಲ್ಲಿ ಬಂದಿಳಿದಾಗ, ತಿರುಪತಿಗೆ ಮುಡಿ ಕೊಟ್ಟದ್ದು ಎಂದ. ಅಷ್ಟಕ್ಕೇ ಬಿಟ್ಟನೇ ಮಹಾಶಯ? ಕುಂದಾಪುರದ ಬೇಕರಿಯಿಂದ ಲಾಡು ತಂದು ಪ್ರಸಾದವೆಂದು ಮನೆಮನೆಗೆ ಹಂಚಿದ. ಭಕ್ತಿ ಅಂದರೆ ಇದಪ್ಪಾ ಎಂದು ಜನ ಕಣ್ಣಿಗೊತ್ತಿಕೊಂಡು ತಿಂದರು. ಆ ಭಕ್ತಿಗೆ ಬೆಂಕಿ ಬೀಳಲಿ! ಅಂದಿನಿಂದ ಚಂದ್ರಮತಿ ರವಕೆಯೊಳಗೆ ಹತ್ತಿಯ ಗಂಟು ಸಿಕ್ಕಿಸಿಕೊಂಡು ಮದುವೆ ಮುಂಜಿಗೆ ಹೋಗಿಬರುತ್ತಿದ್ದಳು. ಈ ಊರಲ್ಲಿ ಸತ್ತವರ ಸುದ್ದಿ ಹತ್ತು ಮನೆಗೆ ಮುಟ್ಟುತ್ತದೆ. ಬದುಕಿದವರು ಮಾತ್ರ ಕಳ್ಳರ ಹಾಗೆ ಅಡಗಿರಬೇಕು.

ಶಿಬಿರದಿಂದ ಮರಳುವ ದಾರಿಯಲ್ಲಿ ಸೌಮ್ಯಶ್ರೀ ದನಿ ತಗ್ಗಿಸಿದಳು. “ಚಂದ್ರಕ್ಕ, ನಂಗೂ ಎದಿಯಂಗೆ ಈಗ ಒಂದ್ ಗಂಟ್ ಇತ್ತ್. ಯಾರಿಗೂ ಹೇಳ್ಬ್ಯಾಡಿ.”

“ಆಸ್ಪತ್ರಿಗ್ ಹೋಗ್ ಹೆಣೆ! ನಾಳೆಯೇ ಹೋಗ್!”

“ಎಂತಕ್ಕೆ? ಸಾಯೂದಾರ್ ಮನಿಯಂಗೇ ಸಾಯ್ತೆ. ಮಕ್ಳ್ ಎದುರಿಗಾರೂ ಇಪ್ಪುಕೆ ಆತ್ತ್.”

ಚಂದ್ರಮತಿ ಮನೆಗೆ ಬಂದವಳೇ ಗಂಡನೆದುರು ನಿಂತಳು. ಇನ್ನು ಮುಚ್ಚಿಡುವುದಿಲ್ಲ, ಸೌಮ್ಯಳಿಗೆ ಎಲ್ಲ ಹೇಳುತ್ತೇನೆ ಎಂದಳು. ಯೋಗೀಶ ಹೌಹಾರಿದ.

“ಬಾಯ್ ಮುಚ್ಕಂಡ್ ಕೂಕೊ. ಆಯ್ತವಾರ ದೀಕ್ಷಾನ್ ಕಾಂಬುಕೆ ಗಂಡಿನ ಕಡಿಯರ್ ಬತ್ರ್. ತಾಯಿಗ್ ಹೀಂಗೆ ಅಂದ್ರೆ ಮಗ್ಳನ್ನ್ ಯಾರ್ ಮದಿ ಆತ್ರ್?”

“ನಿಮ್ ಮಗ್ಳ್ ಮದಿಗೆ ಪಕ್ಕದ್ಮನಿ ಹೆಣ್ಣಿನ್ ಹೆಣ ಬೀಳ್ಕಾ?” ಚಂದ್ರಮತಿಯ ಕೂಗಿಗೆ ಮಗಳು ದೀಕ್ಷಾ ಒಳಗಿನಿಂದ ಓಡಿಬಂದಳು.

“ಅಮ್ಮ, ನೀ ಹೋಗ್,” ಎಂದಳು ಅವಳು. “ಅದ್ಕ್ ಹೆದ್ರಿ ಓಡೂ ಗಂಡ್ ನಂಗ್ ಬ್ಯಾಡ.”

ಸೌಮ್ಯಶ್ರೀ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಚಂದ್ರಮತಿ ಬಾಗಿಲು ಹಾಕಿ, ರವಕೆಯ ಗುಂಡಿ ಕಿತ್ತೆಸೆಯುವ ಹಾಗೆ ಬಿಚ್ಚಿದಳು. ಹತ್ತಿಯ ಗಂಟು ನೆಲಕ್ಕೆ ಬಿತ್ತು.

“ಬದ್ಕಿದವ್ರನ್ನ್ ತೋರ್ಸಿ ಅಂದ್ಯಲೆ? ಕಾಣ್! ಕಣ್ಣ್ ಬಿಟ್ಟ್ ಕಾಣ್! ಏಳ್ ವರ್ಷ ಆಯ್ತ್, ಸತ್ತಿದ್ನಾ ನಾನ್?”

ಸೌಮ್ಯಶ್ರೀ ಕಂಕುಳಿನವರೆಗೂ ಹಬ್ಬಿದ್ದ ಆ ಗಾಯದ ಗುರುತನ್ನು ನೋಡಿದಳು. ಅವಳ ಕಣ್ಣು ತುಂಬಿಬಂತು. ಆಮೇಲೆ ಮುಖ ಗಟ್ಟಿಯಾಯಿತು.

“ಏಳ್ ವರ್ಷ,” ಎಂದಳು. “ವಿನಯಕ್ಕ ಸತ್ತ್ ಮೂರ್ ವರ್ಷ ಆಯ್ತ್. ಆಪರೇಶನ್ ಮಾಡ್ಸಿದ್ರೂ ಯಾರೂ ಉಳೂದಿಲ್ಲೆ ಅಂದ್ಕಂಡ್ ಇದೇ ಮನಿಯಂಗೆ ಬಿದ್ಕಂಡಿದ್ಲ್. ನೀವ್ ದಿನಾ ಗಂಜಿ ತಕಂಡ್ ಬತ್ತಿದ್ರಿ. ಅವ್ಳ್ ತಲೆ ಸವ್ರಿ ಕೂಕಂತಿದ್ರಿ. ಒಂದ್ ಮಾತ್ ಹೇಳುಕಾಯ್ಲಿಲ್ಯಾ ಚಂದ್ರಕ್ಕ?”

ಗಂಡನ ಮೇಲೆ, ಊರಿನ ಮೇಲೆ ಉರಿದುಬಿದ್ದಿದ್ದ ಚಂದ್ರಮತಿಗೆ ಈಗ ಯಾರ ಮೇಲೆ ರೇಗುವುದೆಂದು ತಿಳಿಯಲಿಲ್ಲ.

“ನಾಳೆ ಬೆಳಿಗ್ಗಿ ಬಸ್ಸಿಗೆ ಆಸ್ಪತ್ರಿಗ್ ಹೋತೆ,” ಎಂದಳು ಸೌಮ್ಯಶ್ರೀ.

“ನಾನೂ ಬತ್ತೆ ಹೆಣೆ.”

“ನೀವ್ ಬಪ್ಪುದ್ ಬ್ಯಾಡ,” ಎಂದು ಸೌಮ್ಯಶ್ರೀ ಬಾಗಿಲು ತೆರೆದು ನಿಂತಳು.