ವೀರಭದ್ರನ ಮೇಲೊಂದು ಅಪೀಲು

ಸಿವಿಲ್ ಜಡ್ಜ್ ಆಗಲೇಬೇಕೆಂದು ಹಟ ಹಿಡಿದು ಓದಿ, ಲಿಖಿತ ಪರೀಕ್ಷೆ ಗೆದ್ದ ರಶ್ಮಿತಾಗೆ ಉಳಿದಿದ್ದು ಸಂದರ್ಶನ ಒಂದೇ. ದಾವಣಗೆರೆಯ ಆ ಮನೆಯಲ್ಲಿ ಅವಳಿಗಿಂತ ಹೆಚ್ಚು ಕಂಗಾಲಾದವಳು ಅಜ್ಜಿ ಕಸ್ತೂರಮ್ಮ. ಮೊಮ್ಮಗಳನ್ನು ಎಳೆದುಕೊಂಡು ಹರಿಹರದ ಆಚೆ ಗುತ್ತೂರಿನ ವೀರಭದ್ರನ ಗುಡಿಗೆ ಹೂ ಕೇಳಲು ಹೊರಟೇಬಿಟ್ಟಳು. ದೇವರ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಎಡಕ್ಕೆ ಬಿತ್ತು.

"ಅವಗ ಸರಿಯಾಗಿ ಕೇಳಿಸ್ಲಿಲ್ಲ ಅನಸ್ತೈತೆ. ಇನ್ನೊಂದ್ಸಲ ಕೇಳ್ರಿ," ಎಂದಳು ಪೂಜಾರಿ ಎರ್ರಿಸ್ವಾಮಿಗೆ. ಮತ್ತೆ ಎಡಕ್ಕೇ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪಾಪ, ದೇವರಾದರೂ ಎಷ್ಟಂತ ತಡೆದುಕೊಂಡಾನು? ಮೂರನೆಯ ಸಲ ಬಲಕ್ಕೆ ಕೊಟ್ಟು ಕೈತೊಳೆದುಕೊಂಡ.

ಚಿಕ್ಕಪ್ಪ ಶಿವಕುಮಾರ ವಕೀಲ. "ದೇವ್ರು ದಿಂಡ್ರು ಅಂತ ಕೇಳಿದ್ರ, ಧರ್ಮ ನನ್ನ ಖಾಸಗಿ ವಿಷಯ ಅಂದು ಸುಮ್ಕಾಗು. ಹೂವಿನ ಸುದ್ದಿ ಮಾತ್ರ ಬ್ಯಾಡ," ಎಂದು ಗಿಳಿಗೆ ಕಲಿಸಿದಂತೆ ಕಲಿಸಿ ಕಳಿಸಿದ. ಆದರೆ ಬೆಂಗಳೂರಿಗೆ ಜೊತೆಗೆ ಬಂದ ಅಜ್ಜಿ, ಸಂದರ್ಶನದ ಕೋಣೆಯ ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಹಣೆ ತುಂಬ ವಿಭೂತಿ ಬಳಿದುಬಿಟ್ಟಳು.

ಮಂಡಳಿಯ ಹಿರಿಯರು ಆ ಹಣೆಯನ್ನೇ ನೋಡಿದರು. "ನಿಮ್ಮ ನಂಬಿಕೆ ಒಂದು ಹೇಳಿ, ಕಾನೂನು ಇನ್ನೊಂದು ಹೇಳಿದರೆ?"

ಕಲಿತ ಉತ್ತರ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಸೆರಗು ಸಿಕ್ಕಿಸಿದ ಅಜ್ಜಿಯೂ ಕಣ್ಮುಂದೆ ಬಂದಳು. ಇಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ ಎಂದು ಗೊತ್ತಿದ್ದೂ ರಶ್ಮಿತಾಗೆ ನಗು ತಡೆಯಲಾಗಲಿಲ್ಲ.

"ಸರ್, ನಮ್ಮನೇಲಿ ದೇವರ ತೀರ್ಪಿನ ಮೇಲೂ ಅಪೀಲು ಹೋಗ್ತಾರೆ," ಎಂದು ಹೂವಿನ ಕಥೆಯನ್ನೆಲ್ಲ ಒದರಿಬಿಟ್ಟಳು. "ದೇವರನ್ನ ನಂಬ್ತೀನಿ ಸರ್. ಆದ್ರೆ ಕಾರಣ ಬರೆಯದ ತೀರ್ಪನ್ನ ನಮ್ಮಜ್ಜಿನೇ ಒಪ್ಪಲ್ಲ, ಕೋರ್ಟಿಗೆ ಬಂದೋರು ಒಪ್ತಾರಾ? ನಾನು ಕಾನೂನು ನೋಡಿ, ಕಾರಣ ಬರೀತೀನಿ."

ಹಿರಿಯರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು.

ಆಯ್ಕೆಯಾದ ಸುದ್ದಿ ಬಂದ ದಿನ ಮನೆಯಲ್ಲಿ ಕುಣಿದಿದ್ದೇ ಕುಣಿದಿದ್ದು. ರಶ್ಮಿತಾಳ ಉತ್ತರ ಅಜ್ಜಿಗಂತೂ ಬಾಯಿಪಾಠವಾಯಿತು. ಹರಕೆ ತೀರಿಸಲು ಗುತ್ತೂರಿಗೆ ಹೋದಾಗ ಅಜ್ಜಿ ಮೆಲ್ಲಗೆ ಇನ್ನೊಂದು ಹೂ ಕೇಳಿದಳು. "ಈಕಿ ಹೋದ ಊರಿಗೆ ನಾನೂ ಹೋಗಿ ಇರ್ಲೇನಪ್ಪಾ?"

ಕೇಳಿ ಬಾಯಿ ಮುಚ್ಚುವುದರೊಳಗೆ ಹೂ ಬಲಕ್ಕೆ ಬಿತ್ತು.

ಕೋರ್ಟಿನ ಬಾಗಿಲಲ್ಲಿ ದಿನಾ ವಿಭೂತಿ ಹಿಡಿದು ನಿಂತ ಅಜ್ಜಿಯ ಚಿತ್ರ ಕಣ್ಣಿಗೆ ಕಟ್ಟಿ, ಹೊಸ ಜಡ್ಜ್ ಸಾಹೇಬರು ಪೂಜಾರಿಯತ್ತ ತಿರುಗಿದರು. "ಸ್ವಾಮೇರಾ, ಇನ್ನೊಂದ್ಸಲ ಕೇಳ್ರಿ!"

"ಯಾಕ?" ಎಂದಳು ಕಸ್ತೂರಮ್ಮ, ಹೂವನ್ನು ಕಣ್ಣಿಗೊತ್ತಿಕೊಳ್ಳುತ್ತ. "ಮೊದ್ಲು ಕಾರಣ ಬರ್ಕೊಡು."